ಸಿಂಹವನದ ತೂತುಗಲ್ಲುಗಳು

ಚೀನಾದ ಸುಝೌ ನಗರದಲ್ಲಿ ಸಿಂಹವನ ಎಂಬ ಹಳೆಯ ತೋಟವಿದೆ. ಅಲ್ಲಿನವರ ಬಾಯಲ್ಲಿ ಶಿಝಿಲಿನ್. ಜಾಗ ಮೂರು ಎಕರೆಯೂ ಇಲ್ಲ. ಆದರೂ ಒಳಗೆ ಹೋದವರು ದಾರಿ ತಪ್ಪಿ ಸುತ್ತುತ್ತಲೇ ಇರುತ್ತಾರೆ. ಬೂದುಬಣ್ಣದ ವಿಚಿತ್ರ ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿ ಅಲ್ಲಿ ಕೃತಕ ಗುಡ್ಡ ಕಟ್ಟಿದ್ದಾರೆ. ಅದರೊಳಗೆ 9 ದಾರಿ, 21 ಗುಹೆ ಎಂದು ಲೆಕ್ಕ ಹೇಳುತ್ತಾರೆ. ಜೊತೆಗೆ ಬಂದವರು ಕಲ್ಲಿನ ಆಚೆ ಬದಿಯಲ್ಲಿ ಕಣ್ಣಿಗೆ ಕಾಣುತ್ತಾರೆ, ಮಾತೂ ಕೇಳಿಸುತ್ತದೆ. ಅವರ ಹತ್ತಿರ ಹೋಗಲು ಮಾತ್ರ ಹತ್ತಬೇಕು, ಇಳಿಯಬೇಕು, ಬಗ್ಗಿ ನುಸುಳಬೇಕು.

ಈ ಕಲ್ಲುಗಳ ಮೈತುಂಬ ತೂತು. ಬೆರಳು ಹಿಡಿಸುವಷ್ಟು ಚಿಕ್ಕದರಿಂದ ಮಗು ತೂರಿಹೋಗುವಷ್ಟು ದೊಡ್ಡದರವರೆಗೆ. ಇದು ಹೇಗಾಯಿತು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ‘ಪಕ್ಕದ ತೈಹು ಸರೋವರದ ಅಲೆಗಳು ಸಾವಿರಾರು ವರ್ಷ ಬಡಿದು ಕೊರೆದದ್ದು.’ ಕೇಳಲು ಚೆನ್ನಾಗಿದೆ. ಆದರೆ ಅಲೆಯ ಪಾಲು ಇದರಲ್ಲಿ ತೀರಾ ಕಡಿಮೆ. ನಿಜವಾಗಿ ನಡೆದದ್ದು ಇದಕ್ಕಿಂತ ಎಷ್ಟೋ ಸೊಗಸಾಗಿದೆ. ಅದನ್ನು ಯಾರೂ ಹೇಳುವುದಿಲ್ಲವಲ್ಲ ಎಂಬುದೇ ನನ್ನ ಬೇಸರ.

ತೋಟದ ಕಥೆಯನ್ನು ಬೇಗ ಮುಗಿಸುತ್ತೇನೆ. 1342ರಲ್ಲಿ ತಿಯೆನ್‌ರು ಎಂಬ ಬೌದ್ಧ ಸನ್ಯಾಸಿಗಾಗಿ ಶಿಷ್ಯರು ಕಟ್ಟಿಸಿಕೊಟ್ಟ ಮಠ ಇದು. ಅವನ ಗುರು ತಿಯೆನ್‌ಮು ಬೆಟ್ಟದ ಸಿಂಹಬಂಡೆಯ ಬಳಿ ನೆಲೆಸಿದ್ದವನು. ತೋಟದ ಹೆಸರಲ್ಲಿ ಆ ನೆನಪಿದೆ. ಕೆಲವು ಕಲ್ಲುಗಳು ಸಿಂಹದ ಹಾಗೆ ಕಾಣುವುದೂ ಹೌದು. ಬುದ್ಧನ ಉಪದೇಶವನ್ನು ಸಿಂಹನಾದ ಎನ್ನುವ ನಮ್ಮ ನೆಲದ ಮಾತು ಬೌದ್ಧಧರ್ಮದ ಜೊತೆಗೇ ಅಲ್ಲಿಗೆ ಹೋಗಿತ್ತು. 18ನೆಯ ಶತಮಾನದಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿ ಈ ತೋಟಕ್ಕೆ ಎಷ್ಟು ಮರುಳಾದನೆಂದರೆ ಉತ್ತರದ ತನ್ನ ಅರಮನೆ ತೋಟಗಳಲ್ಲಿ ಇದರ ನಕಲು ಮಾಡಿಸಿದ. ಎಲ್ಲರಿಗೂ ಹಿಡಿಸಿತು ಅಂತಲ್ಲ. 1800ರ ಆಸುಪಾಸಿನ ಸುಝೌ ಬರಹಗಾರ ಶೆನ್ ಫು, ಇದು ಪಾಚಿ ಹಿಡಿದ, ಇರುವೆ ತೂತುಗಳಿರುವ ಕಲ್ಲಿದ್ದಲ ಕಿಟ್ಟದ ರಾಶಿ ಎಂದು ಬೈದ. ಆಮೇಲೆ ಬೇ (ಇಂಗ್ಲಿಷಿನಲ್ಲಿ ಪೇ) ಮನೆತನದವರು ತೋಟವನ್ನು ಕೊಂಡರು. ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂಗೆ ಗಾಜಿನ ಪಿರಮಿಡ್ ಕಟ್ಟಿದ ಐ. ಎಂ. ಪೇ ಇದೇ ಮನೆತನದವರು. ಹುಡುಗನಾಗಿದ್ದಾಗ ಈ ಗುಹೆಗಳಲ್ಲಿ ಆಡಿದವರು. 2000ದಲ್ಲಿ ಯುನೆಸ್ಕೋ ಪಟ್ಟಿಗೆ ಇದೂ ಸೇರಿತು.

ಈಗ ಅಲೆಯ ವಿಚಾರ. ಇದು ಗೈಡ್‌ಗಳು ಸುಮ್ನೆ ಹುಟ್ಟಿಸಿದ ಕಥೆಯಲ್ಲ. 12ನೆಯ ಶತಮಾನದಲ್ಲಿ ಡು ವಾನ್ ಎಂಬಾತ ಕಲ್ಲುಗಳ ಬಗ್ಗೆಯೇ ಒಂದು ಕೈಪಿಡಿ ಬರೆದ. ಮೀನುಗಾರರು ಉಳಿ ಸುತ್ತಿಗೆ ಹಿಡಿದು ನೀರಿಗಿಳಿಯುವುದು, ಕಲ್ಲು ಕಡಿದು ಹಗ್ಗ ಕಟ್ಟಿ ದೋಣಿಗೆ ಎತ್ತುವುದು, ಎಲ್ಲ ಅದರಲ್ಲಿದೆ. ಗಾಳಿ ಮತ್ತು ಅಲೆಯಿಂದಲೇ ತೂತಾಯಿತು ಎಂದೂ ಇದೆ. ಅವನ ಕಾಲಕ್ಕೆ ಅದು ಒಳ್ಳೆಯ ಊಹೆಯೇ. ನಾವು ಅಲ್ಲೇ ನಿಂತುಬಿಡುವುದು ಸರಿಯಲ್ಲ.

ತೈಹು ದೊಡ್ಡ ಸರೋವರ. ಹರವು 2,300 ಚದರ ಕಿಲೋಮೀಟರಿಗೂ ಜಾಸ್ತಿ. ಆದರೆ ಸರಾಸರಿ ಆಳ ಎರಡು ಮೀಟರ್ ಆಸುಪಾಸು ಅಷ್ಟೇ. ಸಮುದ್ರದಂಥ ಅಲೆ ಏಳಲು ಈ ಆಳ ಸಾಲದು. ಅದೂ ಬಿಡಿ. ಅಲೆ ಬಡಿಯುವುದು ಕಲ್ಲಿನ ಹೊರಮೈಗೆ. ಒಳಗೆ ಹೋಗಿ, ಅಲ್ಲಿ ತಿರುಗಿ, ಇನ್ನೊಂದು ತೂತಿಗೆ ಸೇರಿ, ಹಿಂಭಾಗದಲ್ಲಿ ಹೊರಬರುವ ದಾರಿಯನ್ನು ಅದು ಹೇಗೆ ಕೊರೆದೀತು? ಇನ್ನೂ ಗಟ್ಟಿ ಸಾಕ್ಷಿ ಬೇಕೆಂದರೆ, ದಡದ ಬೆಟ್ಟಗಳ ಮಣ್ಣಿನಡಿಯಿಂದ ಅಗೆದು ತೆಗೆದ ಕಲ್ಲುಗಳಲ್ಲೂ ತೂತುಗಳಿವೆ. ಆನ್‌ಹ್ವೇ ಪ್ರಾಂತ್ಯದ ಹೆಸರಾಂತ ಲಿಂಗ್ಬಿ ಕಲ್ಲು ಸಿಗುವುದು ಕೆಂಪು ಜೇಡಿಮಣ್ಣಿನೊಳಗೆ. ಅಲ್ಲಿ ಯಾವ ಅಲೆ ಬಡಿಯಿತು?

ಉತ್ತರ ಕಲ್ಲಿನ ಜಾತಿಯಲ್ಲಿದೆ. ತೈಹು ಕಲ್ಲು ಸುಣ್ಣಕಲ್ಲು. ನಮ್ಮ ಕಲಬುರಗಿ ಕಡೆಯ ಶಹಾಬಾದ್ ಕಲ್ಲೂ ಸುಣ್ಣಕಲ್ಲೇ. ಆ ನೆಲದ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ. ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಮಳೆನೀರೂ ಸ್ವಲ್ಪ ಹುಳಿಯೇ. ಬೀಳುವ ದಾರಿಯಲ್ಲಿ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಕಾರ್ಬಾನಿಕ್ ಆಮ್ಲವಾಗುತ್ತದೆ.

ಆದರೆ ಮಳೆಯ ಹುಳಿ ಸಾಲದು. ನಿಜವಾದ ಬಲ ಬರುವುದು ಮಣ್ಣಿನಿಂದ. ಬೇರುಗಳು ಉಸಿರಾಡುತ್ತವೆ, ಎಲೆ ಕೊಳೆಯುತ್ತದೆ, ಸೂಕ್ಷ್ಮಜೀವಿಗಳು ಕೆಲಸ ಮಾಡುತ್ತವೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಶೇಕಡಾ 0.04ರಷ್ಟು. ಮಣ್ಣಿನೊಳಗಿನ ಗಾಳಿಯಲ್ಲಿ ಅದು ಶೇಕಡಾ 1 ದಾಟುವುದುಂಟು. ಇದರ ಪರಿಣಾಮ ನೋಡಿ. ಯಾವ ಅನಿಲವೂ ಸೇರದ ಶುದ್ಧ ನೀರು ಲೀಟರಿಗೆ 14 ಮಿಲಿಗ್ರಾಂ ಆಸುಪಾಸು ಸುಣ್ಣಕಲ್ಲನ್ನು ಕರಗಿಸುತ್ತದೆ. ಹೊರಗಾಳಿಗೆ ತೆರೆದುಕೊಂಡ ನೀರು 50 ಮಿಲಿಗ್ರಾಂ ಆಸುಪಾಸು. ಮಣ್ಣಿನ ಮೂಲಕ ಇಳಿದ ನೀರು ಅದರ ಮೂರು ನಾಲ್ಕು ಪಟ್ಟು. ಅಂದರೆ ಮರಗಿಡ ಬೆಳೆದ ಮಣ್ಣಿನ ಹೊದಿಕೆಯ ಕೆಳಗೇ ಕಲ್ಲು ಜೋರಾಗಿ ಕರಗುವುದು.

ಹಾಗಾದರೆ ಇಡೀ ಬಂಡೆ ಸಮನಾಗಿ ಸವೆಯಬೇಕಿತ್ತು, ತೂತು ಯಾಕೆ? ಸುಣ್ಣಕಲ್ಲು ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ್ದು. ಆ ಪದರಗಳ ನಡುವೆ ಅಡ್ಡ ಸಂದುಗಳಿವೆ. ಭೂಮಿಯ ಒತ್ತಡದಿಂದ ಮೇಲಿಂದ ಕೆಳಗೆ ಸೀಳಿದ ಬಿರುಕುಗಳೂ ಇವೆ. ನೀರು ನುಗ್ಗುವುದು ಅಲ್ಲಿಗೆ. ಎಲ್ಲ ಬಿರುಕುಗಳೂ ಒಂದೇ ಅಗಲ ಇರುವುದಿಲ್ಲ. ಒಂದು ಕೂದಲೆಳೆಯಷ್ಟು ಹೆಚ್ಚು ಅಗಲ ಇದ್ದರೆ ಅದರಲ್ಲಿ ನೀರು ಜಾಸ್ತಿ ಹರಿಯುತ್ತದೆ. ಜಾಸ್ತಿ ಹರಿದರೆ ಜಾಸ್ತಿ ಕರಗುತ್ತದೆ, ಇನ್ನೂ ಅಗಲವಾಗುತ್ತದೆ, ಪಕ್ಕದ ಬಿರುಕಿನ ನೀರನ್ನೂ ತನ್ನ ಕಡೆ ಎಳೆದುಕೊಳ್ಳುತ್ತದೆ. ಕೆರೆ ಏರಿಯಲ್ಲಿ ಇಲಿ ಬಿಲ ಬಿದ್ದಾಗ ಆಗುವುದೂ ಹೀಗೆಯೇ. ಮೊದಲು ಜಿನುಗು, ಆಮೇಲೆ ಧಾರೆ, ಕೊನೆಗೆ ಏರಿಯೇ ಒಡೆಯುತ್ತದೆ. ಗೆದ್ದ ಬಿರುಕು ಕೊಳವೆಯಾಗುತ್ತದೆ. ಸೋತವು ಕಲ್ಲಿನ ಮೇಲೆ ಸುಕ್ಕಾಗಿ ಉಳಿಯುತ್ತವೆ.

ಇದರಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇನ್ನೂ ಬಂದಿಲ್ಲ. ಬಿರುಕಿನಲ್ಲಿ ಇಳಿಯುತ್ತ ಹೋದ ನೀರು ಬೇಗನೆ ಸುಣ್ಣ ತುಂಬಿಕೊಂಡು, ಹೊಟ್ಟೆ ತುಂಬಿದವರ ಹಾಗೆ ತಣಿದುಬಿಡುತ್ತದೆ. ಇನ್ನು ಕರಗಿಸುವ ಶಕ್ತಿ ಅದಕ್ಕಿಲ್ಲ. ಹಾಗಿದ್ದರೂ ಬಂಡೆಯ ಆಳದಲ್ಲಿ, ಬಿರುಕುಗಳು ಕೂಡುವ ಕಡೆ, ಗುಂಡನೆಯ ಪೊಳ್ಳುಗಳಿರುತ್ತವೆ. ಹೇಗೆ? 1964ರಲ್ಲಿ ಸ್ವಿಟ್ಜರ್‌ಲೆಂಡಿನ ಗುಹಾತಜ್ಞ ಆಲ್‌ಫ್ರೆಡ್ ಬೋಗ್ಲಿ ಇದಕ್ಕೆ ಕಾರಣ ಕೊಟ್ಟರು. ಸುಣ್ಣ ತುಂಬಿ ತಣಿದ ಎರಡು ನೀರು ಬೆರೆತರೆ, ಬೆರಕೆಯ ನೀರಿಗೆ ಮತ್ತೆ ಹಸಿವಾಗುತ್ತದೆ!

ಮಂತ್ರವಲ್ಲ, ಲೆಕ್ಕ. ಕರಗಿದ ಸುಣ್ಣವನ್ನು ಕರಗಿದ ಹಾಗೆಯೇ ಹಿಡಿದಿಡಲು ನೀರಿನಲ್ಲಿ ಒಂದಷ್ಟು ಇಂಗಾಲದ ಡೈಆಕ್ಸೈಡ್ ಅನಿಲ ಇರಲೇಬೇಕು. ಆ ಅನಿಲ ಸುಣ್ಣದ ಘನದ ಪ್ರಮಾಣದಲ್ಲಿ ಏರುತ್ತದೆ. 1 ಪಾಲು ಸುಣ್ಣಕ್ಕೆ 1 ಪಾಲು ಅನಿಲ ಬೇಕು ಎಂದುಕೊಳ್ಳಿ. ಆಗ 2 ಪಾಲಿಗೆ 2×2×2 ಅಂದರೆ 8, 3 ಪಾಲಿಗೆ 3×3×3 ಅಂದರೆ 27. ಒಂದು ಬಿರುಕಿನಲ್ಲಿ 1 ಪಾಲು ಸುಣ್ಣ, 1 ಪಾಲು ಅನಿಲ ಇರುವ ನೀರು. ಇನ್ನೊಂದರಲ್ಲಿ 3 ಪಾಲು ಸುಣ್ಣ, 27 ಪಾಲು ಅನಿಲ. ಎರಡೂ ತಣಿದ ನೀರೇ. ಸಮಸಮ ಬೆರೆಸಿ. ಸುಣ್ಣ ಸರಾಸರಿ 2 ಆಯಿತು, ಅನಿಲ ಸರಾಸರಿ 14. ಆದರೆ 2 ಪಾಲು ಸುಣ್ಣಕ್ಕೆ ಬೇಕಿದ್ದದ್ದು 8 ಮಾತ್ರ ಅಲ್ವಾ? ಮಿಕ್ಕ 6 ಪಾಲು ಈಗ ಖಾಲಿ ಕೂತಿದೆ. ಅದು ಕಲ್ಲಿಗೆ ಕೈ ಹಾಕುತ್ತದೆ. ಮೇಲಿನಿಂದ ಬಂದ ಬಿರುಕೂ ಅಡ್ಡ ಸಂದೂ ಕೂಡುವಲ್ಲಿ, ಬಂಡೆಯ ಒಳಗೆ, ಕತ್ತಲಲ್ಲಿ ಹೀಗೆ ಪೊಳ್ಳು ಹುಟ್ಟಬಹುದು. ಅಲೆಯ ಕಥೆಗೆ ಎಂದೂ ವಿವರಿಸಲಾಗದ ಜಾಗ ಇದೇ.

ಇಷ್ಟು ತಿಳಿದಮೇಲೆ ಚೀನಾದ ಕಲ್ಲುಪ್ರೇಮಿಗಳು ಶತಮಾನಗಳಿಂದ ಏನನ್ನು ಪರೀಕ್ಷಿಸುತ್ತಿದ್ದರು ಎಂದು ನೋಡಿದರೆ ಬೆರಗಾಗುತ್ತದೆ. ಒಳ್ಳೆಯ ಕಲ್ಲು ತೆಳ್ಳಗಿರಬೇಕು, ಮೈ ಸುಕ್ಕುಗಟ್ಟಿರಬೇಕು, ಮೇಲಿಂದ ಕೆಳಗೆ ತೂತಿರಬೇಕು, ಆಚೆಯಿಂದ ಈಚೆಗೆ ಬೆಳಕು ಕಾಣಬೇಕು. ನಿಂತ ಬಿರುಕು, ಅಡ್ಡ ಸಂದು, ಸೋತ ಬಿರುಕಿನ ಗೆರೆ ಎಲ್ಲವನ್ನೂ ಅವರು ರಸಾಯನಶಾಸ್ತ್ರ ಗೊತ್ತಿಲ್ಲದೆ ಕಣ್ಣಿನಿಂದಲೇ ಬೇರೆ ಬೇರೆ ಗುರುತಿಸಿದ್ದರು. ಶಾಂಘೈನ ಯು ತೋಟದ ಒಂದು ಕಲ್ಲಿನ ಬುಡದಲ್ಲಿ ಊದುಬತ್ತಿ ಹಚ್ಚಿದರೆ ಎಲ್ಲ ತೂತುಗಳಿಂದಲೂ ಹೊಗೆ ಬರುತ್ತದೆ ಎಂಬ ಮಾತಿದೆ. ಪೊಳ್ಳುಗಳು ಒಳಗೊಳಗೇ ಕೂಡಿಕೊಂಡಿವೆಯೇ ಎಂದು ನೋಡಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಹೊಳೆಯುವುದಿಲ್ಲ.

ಕಲ್ಲಿನ ಹುಚ್ಚು ಒಂದು ರಾಜ್ಯವನ್ನೇ ಮುಳುಗಿಸಿದ ಕಥೆಯನ್ನೂ ಹೇಳಲೇಬೇಕು. ಸಾಂಗ್ ವಂಶದ ಚಕ್ರವರ್ತಿ ಹ್ವಿಝೋಂಗ್ ಒಳ್ಳೆಯ ಚಿತ್ರಕಾರ. ಈಶಾನ್ಯ ದಿಕ್ಕಿನ ನೆಲ ಎತ್ತರಿಸಿದರೆ ಗಂಡು ಸಂತಾನ ಹೆಚ್ಚುತ್ತದೆ ಎಂದು ಒಬ್ಬ ತಾವೋ ಪುರೋಹಿತ ಹೇಳಿದನಂತೆ. ರಾಜಧಾನಿ ಕೈಫೆಂಗಿನ ಈಶಾನ್ಯದಲ್ಲಿ 1117ರಲ್ಲಿ ಕೃತಕ ಬೆಟ್ಟ ಏಳತೊಡಗಿತು. ಸುಝೌನ ಝು ಮಿಯೆನ್ ಎಂಬವನು ದಕ್ಷಿಣದಿಂದ ದೋಣಿಗಟ್ಟಲೆ ಕಲ್ಲು ಸಾಗಿಸಿದ. ಜನರ ಮನೆಯಂಗಳದ ಕಲ್ಲಿಗೂ ರಾಜಮುದ್ರೆ ಬಿತ್ತು. ಎತ್ತರದ ಕಲ್ಲು ದಾಟಲೆಂದು ಸೇತುವೆ, ಕೋಟೆಗೋಡೆಗಳನ್ನು ಕೆಡವಿದರು. 1120ರಲ್ಲಿ ಫಾಂಗ್ ಲಾ ದಂಗೆ ಎದ್ದ. ಜನರ ಸಿಟ್ಟಿಗೆ ಈ ಕಲ್ಲುಸಾಗಣೆಯೇ ದೊಡ್ಡ ಕಾರಣ. ಉತ್ತರದ ಜುರ್ಚೆನ್ ಜನರ ಸೈನ್ಯ ಕೈಫೆಂಗನ್ನು ಮುತ್ತಿದಾಗ ಊರು ಕಾಯುವವರು ಅದೇ ಕಲ್ಲುಗಳನ್ನು ಒಡೆದು ಕವಣೆಯಂತ್ರಕ್ಕೆ ಹಾಕಿದರು. 1127ರಲ್ಲಿ ಹ್ವಿಝೋಂಗ್ ಮಕ್ಕಳ ಸಮೇತ ಸೆರೆಯಾಳಾಗಿ ಉತ್ತರಕ್ಕೆ ನಡೆದ.

ಇಲ್ಲಿ ನಮ್ಮ ಊರುಗಳ ಮಾತೊಂದು. ನಮ್ಮ ವಾಸ್ತುವಿನವರು ಈಶಾನ್ಯ ತಗ್ಗಾಗಿರಬೇಕು ಎನ್ನುತ್ತಾರೆ. ಕೈಫೆಂಗಿನ ಪುರೋಹಿತ ಎತ್ತರವಾಗಬೇಕು ಎಂದ. ಇಬ್ಬರದೂ ಅಷ್ಟೇ ಖಚಿತ ದನಿ. ಸಾಲ ಮಾಡಿ ಕಟ್ಟಿದ ಮನೆಯ ಗೋಡೆಯನ್ನು ಇಂಥ ಮಾತು ಕೇಳಿ ಒಡೆಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಈಗ ತೂತುಗಲ್ಲಿನಲ್ಲಿ ‘ಶಕ್ತಿ’ ಇದೆ ಎಂದು ಮಾರುವವರೂ ಇದ್ದಾರೆ. ಅದರಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಗೀಸರ್‌ನ ಕಾಯಿಲ್‌ಗೆ ಅಂಟುವ ಬೋರ್‌ವೆಲ್ ನೀರಿನ ಬಿಳಿ ಪದರದಲ್ಲಿ ಇರುವುದೂ ಹೆಚ್ಚಾಗಿ ಅದೇ.

ಹ್ವಿಝೋಂಗ್ ಕಾಲದ ಆ ಕಲ್ಲುಸಾಗಣೆಯಲ್ಲಿ ಒಂದು ಜಾಣತನ ಮಾತ್ರ ಮೆಚ್ಚಬೇಕಾದ್ದು. ತೂತುಗಲ್ಲು ಸಪೂರ ಕತ್ತಿನ ಕಡೆ ಮುರಿಯುತ್ತದೆ. ಅದಕ್ಕೆ ತೂತುಗಳಿಗೆಲ್ಲ ಅಂಟುಮಣ್ಣು ತುಂಬಿ, ಹೊರಗೆ ನಾರು ಬೆರೆಸಿದ ಮಣ್ಣು ಮೆತ್ತಿ, ಬಿಸಿಲಲ್ಲಿ ಒಣಗಿಸಿ, ಗಟ್ಟಿ ಉಂಡೆ ಮಾಡಿ ಸಾಗಿಸುತ್ತಿದ್ದರು. ಊರು ಮುಟ್ಟಿದ ಮೇಲೆ ನೀರಲ್ಲಿ ನೆನೆಸಿದರೆ ಮಣ್ಣು ಕಳಚಿಕೊಳ್ಳುತ್ತದೆ, ಕಲ್ಲು ಹಾಗೇ ಇರುತ್ತದೆ.

ಬೇಡಿಕೆ ಏರಿದಮೇಲೆ ನಕಲಿ ಬಾರದೆ ಇರುತ್ತದೆಯೇ? ಸಾಂಗ್ ಕಾಲದಲ್ಲೇ ಜನ ಕಲ್ಲಿಗೆ ಉಳಿಯಿಂದ ತೂತು ಕೊರೆದು, ರಭಸದ ನೀರಿನಲ್ಲಿಟ್ಟು, ಬಹುಕಾಲದ ಮೇಲೆ ತೆಗೆದು ಸಹಜ ಕಲ್ಲೆಂದು ಮಾರುತ್ತಿದ್ದರು. ಅಲೆಗೆ ನಿಜವಾದ ಪಾಲು ಇರುವುದು ಇಲ್ಲಿ. ಉಳಿಯ ಚೂಪನ್ನು ನೀರು, ಮರಳು ಉಜ್ಜಿ ನಯ ಮಾಡುತ್ತವೆ. ಸುಣ್ಣಕಲ್ಲಿನ ನಾಡಿನ ಮೇಲ್ಮೈ ಕರಗಿ ತಗ್ಗುವುದು ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಅಷ್ಟೇ. ಒಂದು ತಲೆಮಾರಿನ ನೀರು ತೂತಿನ ಅಂಚನ್ನು ದುಂಡಗೆ ಮಾಡೀತು, ದೊಡ್ಡ ತೂತನ್ನು ಹುಟ್ಟಿಸದು. ಹಾಗಾಗಿ ಸುಝೌನ ಲಿಯು ತೋಟದಲ್ಲಿ ಆರೂವರೆ ಮೀಟರ್ ಎತ್ತರ ನಿಂತಿರುವ ಗ್ವಾನ್‌ಯುನ್‌ಫೆಂಗ್ ಕಲ್ಲನ್ನು ನೋಡುವಾಗ ತೂತಿನ ಅಂಚಿಗಿಂತ ತೂತುಗಳ ದಿಕ್ಕು ಗಮನಿಸಿ. ಸಹಜ ತೂತುಗಳು ಬಿರುಕಿನ, ಪದರದ ಜಾಡು ಹಿಡಿದಿರುತ್ತವೆ. ಉಳಿಗೆ ಆ ಹಂಗಿಲ್ಲ.

ಸಿಂಹವನಕ್ಕೆ ಹೋದವರು ಕಲ್ಲುಗಳ ನಡುವಿನ ಸಂದನ್ನೂ ನೋಡಬೇಕು. ಚೀನಾದ ಹಳೆಯ ಕಲ್ಲುಕೆಲಸದವರು ಸುಣ್ಣಕ್ಕೆ ಅಂಟಕ್ಕಿಯ ಗಂಜಿ ಬೆರೆಸಿ ಗಾರೆ ಮಾಡುತ್ತಿದ್ದರು. ನಮ್ಮಲ್ಲಿ ಬೆಲ್ಲ, ಅಳಲೆಕಾಯಿ ಹಾಕುತ್ತಿದ್ದ ಹಾಗೆ. ಸುಣ್ಣಕಲ್ಲನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಕಲಸಿ ಮೆತ್ತಿದ ಮೇಲೆ ಸುಣ್ಣ ಗಾಳಿಯಿಂದ ಅದೇ ಅನಿಲವನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲಾಗುತ್ತದೆ. ತೂತು ಕೊರೆದ ಅನಿಲವೇ ಇಲ್ಲಿ ಕಲ್ಲನ್ನು ಬೆಸೆಯುತ್ತದೆ. ಗಂಜಿ ಏಕೆ ಎಂಬುದನ್ನು ಝೆಜಿಯಾಂಗ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2010ರಲ್ಲಿ ವಿವರಿಸಿದರು. ಅಕ್ಕಿಯ ಪಿಷ್ಟದಲ್ಲಿರುವ ಅಮೈಲೊಪೆಕ್ಟಿನ್ ಸುಣ್ಣದ ಹರಳುಗಳನ್ನು ದೊಡ್ಡದಾಗಿ ಬೆಳೆಯಗೊಡುವುದಿಲ್ಲ. ಹರಳು ಸಣ್ಣಗಿದ್ದಷ್ಟೂ ಒತ್ತೊತ್ತಾಗಿ ಕೂರುತ್ತವೆ, ಗಾರೆ ಗಟ್ಟಿಯಾಗುತ್ತದೆ.