ಎಷ್ಟು ಗಂಟೆಗೆ ಏಳಬೇಕು ಅಂತ ಯಾರು ಹೇಳಬೇಕು?

ಆರೈಕೆ ಕೇಂದ್ರದಲ್ಲಿ ಇರುವ ವಯಸ್ಸಾದವರು, ಅಂಗವಿಕಲರು ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳಬೇಕು? ಅದನ್ನು ಅವರೇ ಹೇಳಬೇಕು, ಅಲ್ವಾ? ಇಷ್ಟು ಸಣ್ಣ ವಿಷಯದ ಸುತ್ತ ‘ವ್ಯಕ್ತಿ ಕೇಂದ್ರಿತ’ (ಆರೈಕೆ ಪಡೆಯುವವರನ್ನೇ ಮಧ್ಯದಲ್ಲಿಟ್ಟು ನೋಡುವ) ಆರೈಕೆ, ‘ವ್ಯಕ್ತಿ ನಿರ್ದೇಶಿತ’ ಆರೈಕೆ ಅಂತ ಎಷ್ಟೋ ಹೆಸರುಗಳು ಸೇರಿಕೊಂಡು ಈಗ ಎಲ್ಲ ಗೋಜಲಾಗಿದೆ.

ಇಂಥವರನ್ನೆಲ್ಲ ಒಟ್ಟಿಗೆ ಇಟ್ಟು ನೋಡಿಕೊಳ್ಳುವ ದೊಡ್ಡ ಕಟ್ಟಡಗಳೇ ಉತ್ತರ ಅಂತ ದಶಕಗಟ್ಟಲೆ ನಂಬಿದ್ದರು. 1969ರಲ್ಲಿ ಸ್ವೀಡನ್ನಿನ ಬೆಂಗ್ಟ್ ನಿರ್ಯೆ, ಬೌದ್ಧಿಕ ಅಂಗವೈಕಲ್ಯ ಇರುವವರ ದಿನವೂ ಎಲ್ಲರ ದಿನದ ಹಾಗೇ ಸಾಗಬೇಕು ಎಂದು ಬರೆದರು. 1972ರಲ್ಲಿ ನ್ಯೂಯಾರ್ಕಿನಲ್ಲಿ ಬೌದ್ಧಿಕ ಅಂಗವೈಕಲ್ಯದ ಮಕ್ಕಳು, ದೊಡ್ಡವರನ್ನು ಇಡುತ್ತಿದ್ದ ವಿಲ್ಲೋಬ್ರೂಕ್ ಎಂಬ ಸಂಸ್ಥೆಯ ಒಳಗಿನ ಸ್ಥಿತಿಯನ್ನು ಜನ ಟಿವಿಯಲ್ಲಿ ನೋಡಿದರು. ಅದೇ ವರ್ಷ ಅಮೆರಿಕದ ಬರ್ಕ್ಲಿಯಲ್ಲಿ ಅಂಗವಿಕಲರೇ ನಡೆಸುವ ಸ್ವತಂತ್ರ ಬದುಕಿನ ಕೇಂದ್ರ ಶುರುವಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಮರೆವಿನ ಕಾಯಿಲೆಯವರ ಆರೈಕೆ ಬದಲಾಗಿದ್ದು ಆಮೇಲೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞ ಟಾಮ್ ಕಿಟ್‌ವುಡ್ ಮತ್ತು ಜೊತೆಯವರು ಒಂದು ಪದ್ಧತಿ ರೂಪಿಸಿದರು. ಒಬ್ಬರು ಆರೈಕೆ ಕೇಂದ್ರದ ಹಾಲ್‌ನ ಮೂಲೆಯಲ್ಲಿ ಗಂಟೆಗಟ್ಟಲೆ ಕೂತು, ಅಲ್ಲಿರುವವರು ಹೇಗಿದ್ದಾರೆ, ಏನು ಮಾಡುತ್ತಿದ್ದಾರೆ ಅಂತ ಐದೈದು ನಿಮಿಷಕ್ಕೆ ಗುರುತು ಹಾಕಿಕೊಳ್ಳಬೇಕು. ಹಾಗೆ ಕೂತರೆ ಸಣ್ಣ ಸಣ್ಣದೆಲ್ಲ ಕಾಣುತ್ತದೆ: ಒಂದು ಮಾತೂ ಹೇಳದೆ ಹಿಂದಿನಿಂದ ಬಂದು ಗಾಲಿಕುರ್ಚಿ ತಳ್ಳಿಕೊಂಡು ಹೋಗುವುದು, ಎದುರಿಗೇ ಕೂತವರ ಬಗ್ಗೆ ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ಇಬ್ಬರು ಮಾತಾಡಿಕೊಳ್ಳುವುದು, ಎಪ್ಪತ್ತು ದಾಟಿದವರನ್ನು ಮಗುವಿನ ಹಾಗೆ ಗದರುವುದು. ಇದರಲ್ಲಿ ಯಾರ ಕೆಟ್ಟತನವೂ ಇರಬೇಕಿಲ್ಲ, ಕಿಟ್‌ವುಡ್ ಕೂಡ ಅದನ್ನೇ ಹೇಳಿದ್ದು. ಆದರೆ ದಿನವಿಡೀ ಇದೇ ನಡೆದರೆ ಮನುಷ್ಯ ಒಳಗೇ ಕುಗ್ಗಿ ಹೋಗುತ್ತಾನೆ.

ಅತ್ತ ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ಗಳ (ದೀರ್ಘಕಾಲದ ಆರೈಕೆ ಕೇಂದ್ರಗಳ) ಬಗೆಗಿನ 1987ರ ಕಾನೂನು, ಸಿಬ್ಬಂದಿಯ ಅನುಕೂಲಕ್ಕೆ ಸುಮ್ನೆ ಯಾರನ್ನೂ ಕಟ್ಟಿ ಕೂರಿಸುವಂತಿಲ್ಲ ಎಂದಿತು. 2003ರಲ್ಲಿ ಮಿಸಿಸಿಪ್ಪಿಯ ಟುಪೆಲೊದಲ್ಲಿ ದೊಡ್ಡ ಆರೈಕೆ ಕೇಂದ್ರದ ಬದಲು ಹತ್ತು ಜನ ವಯಸ್ಸಾದವರಿಗೊಂದರಂತೆ ಸಣ್ಣ ಮನೆಗಳು ಬಂದವು. 2006ರ ವಿಶ್ವಸಂಸ್ಥೆಯ ಒಪ್ಪಂದ, ಎಲ್ಲಿ, ಯಾರ ಜೊತೆ ಇರಬೇಕು ಅಂತ ಆರಿಸುವುದು ಅಂಗವಿಕಲರ ಹಕ್ಕು ಎಂದಿತು.

ಇಷ್ಟಾದರೂ ಎಷ್ಟೋ ಕಡೆ ‘ವ್ಯಕ್ತಿ ಕೇಂದ್ರಿತ’ ಆರೈಕೆ ಅಂದರೆ ಫಾರಂ ತುಂಬುವ ಕೆಲಸವಾಗಿದೆ. ‘ನನಗೆ ಸಂಗೀತ ಇಷ್ಟ’ ಅಂತ ಫೈಲ್‌ನಲ್ಲಿ ಇರುತ್ತದೆ, ಬರೆದವರು ಮಾತ್ರ ಬೇರೆ ಯಾರೋ. ಬೆಳಗಿನ ಪಾಳಿಯವರಿಗೆ ಹೊರೆ ಜಾಸ್ತಿ ಆಗಬಾರದು ಅಂತ ರಾತ್ರಿ ಪಾಳಿಯವರು ಕತ್ತಲಲ್ಲೇ ಎಬ್ಬಿಸಿ ಸ್ನಾನ ಮಾಡಿಸುತ್ತಾರೆ. ಅವರನ್ನೂ ದೂರುವಂತಿಲ್ಲ, ಇರುವ ಎರಡು ಕೈಯಲ್ಲಿ ಎಷ್ಟು ಜನರನ್ನು ನೋಡಿಕೊಳ್ಳಬೇಕು? ಆರೈಕೆ ಪಡೆಯುವವರನ್ನು ಮಧ್ಯದಲ್ಲಿ ಕೂರಿಸಿದರೆ ಸಾಲದು, ತೀರ್ಮಾನವೂ ಅವರದೇ ಆಗಬೇಕು ಅಂತಲೇ ‘ನಿರ್ದೇಶಿತ’ ಎಂಬ ಮಾತು ಬಂದದ್ದು.

ಮಾತು ಬಾರದವರು ತೀರ್ಮಾನ ಹೇಗೆ ತಿಳಿಸುತ್ತಾರೆ ಅಂತ ಕೇಳುವವರಿದ್ದಾರೆ. ಚಮಚ ಹತ್ತಿರ ಬಂದಾಗ ಮುಖ ತಿರುಗಿಸುತ್ತಾರಲ್ಲ, ಹಾಗೆ. ಅದನ್ನು ನಾವು ಇವತ್ತಿಗೂ ರಿಜಿಸ್ಟರಿನಲ್ಲಿ ‘ಊಟಕ್ಕೆ ಸಹಕರಿಸಲಿಲ್ಲ’ ಅಂತ ಬರೆಯುತ್ತಿದ್ದೇವೆ.