ಹುಬ್ಬಳ್ಳಿಯ ಜಾಹೀರಾತಿಗೆ ಪಕ್ಕದ ರಾಜ್ಯದ ನೋಟಿಸ್

"ಸರ್, ನಮ್ಮ ಆಫೀಸ್ ಇರೋದು ಹುಬ್ಬಳ್ಳ್ಯಾಗ. ಅವರ ರಾಜ್ಯದ ಕಾಯ್ದೆ ನಮಗ ಹೆಂಗ ಬರ್ತೈತ್ರಿ?"

ವಕೀಲನಾದ ನನ್ನನ್ನು ಹೀಗೆ ಕೇಳಿದವನು ಸಣ್ಣ ಜಾಹೀರಾತು ಏಜೆನ್ಸಿ ಇಟ್ಟುಕೊಂಡಿದ್ದ ಹುಡುಗ. ರಮ್ಮಿ ಆ್ಯಪ್ ಒಂದರ ಆನ್‌ಲೈನ್ ಜಾಹೀರಾತು ಹಾಕಿದ್ದ. ಇದು ಜೂಜಿನ ಜಾಹೀರಾತು ಅಂತ ಪಕ್ಕದ ರಾಜ್ಯದ ಠಾಣೆಯಿಂದ ನೋಟಿಸ್ ಬಂದಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮೇಲೆ 2025ರಲ್ಲಿ ಬಂದ ಕೇಂದ್ರ ಕಾಯ್ದೆಗೂ ಮುಂಚಿನ ಮಾತು ಇದು.

ಅವನ ವಾದದಲ್ಲಿ ಅರ್ಧ ಸರಿ ಇದೆ. ಸಂವಿಧಾನದ 245ನೇ ವಿಧಿ ಪ್ರಕಾರ ರಾಜ್ಯದ ಶಾಸಕಾಂಗ ತನ್ನ ಗಡಿಯೊಳಗಷ್ಟೇ ಕಾನೂನು ಮಾಡಬಹುದು. ಆದರೆ ಹೊರಗೆ ಕೂತವನು ಒಳಗೆ ಕೈ ಚಾಚಿದರೆ? ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 1957ರಲ್ಲಿ. ಅದೂ ನಮ್ಮ ಬೆಂಗಳೂರಿನ ಒಂದು ಪತ್ರಿಕೆಯ ದೆಸೆಯಿಂದ.

'ಸ್ಪೋರ್ಟಿಂಗ್ ಸ್ಟಾರ್' ಅಂತ ಒಂದು ವಾರಪತ್ರಿಕೆ. ಮುದ್ರಣ, ಪ್ರಕಟಣೆ ಎರಡೂ ಬೆಂಗಳೂರಲ್ಲಿ, ಅಂದರೆ ಆಗಿನ ಮೈಸೂರು ರಾಜ್ಯದಲ್ಲಿ. ಅದರಲ್ಲಿ ಬಹುಮಾನದ ಪದಬಂಧ ಬರುತ್ತಿತ್ತು. ಬಾಂಬೆ ರಾಜ್ಯದಲ್ಲೂ ಅದಕ್ಕೆ ಓದುಗರು ಬಹಳ. ಬಾಂಬೆ ಸರ್ಕಾರ ಇದಕ್ಕೆ ತೆರಿಗೆ ಹಾಕಿತು. ಬೆಂಗಳೂರಿನ ಪತ್ರಿಕೆಗೆ ನೀವ್ಯಾರು ತೆರಿಗೆ ಹಾಕೋಕೆ ಅಂತ ಪತ್ರಿಕೆಯ ಕಂಪನಿ ಮತ್ತು ಅದರ ಸ್ಥಾಪಕ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಕೋರ್ಟಿಗೆ ಹೋದರು.

ಸುಪ್ರೀಂ ಕೋರ್ಟು ಪ್ರೆಸ್ ಎಲ್ಲಿದೆ ಅನ್ನೋದಕ್ಕೆ ಜಾಸ್ತಿ ಬೆಲೆ ಕೊಡಲಿಲ್ಲ. ಆಟಗಾರ ಮಾಡುವ ಕೆಲಸಗಳು ಎಲ್ಲಿ ನಡೆಯುತ್ತಿವೆ ಅಂತ ನೋಡಿತು. ಆಹ್ವಾನ ಬಾಂಬೆಯ ಜನಕ್ಕೆ. ಫಾರಂ ತುಂಬುವುದು ಅಲ್ಲಿ. ಫಾರಂ, ಫೀಸು ಎರಡನ್ನೂ ತೆಗೆದುಕೊಳ್ಳಲು ಅಲ್ಲೇ ಸಂಗ್ರಹಕಾರರು. ಹಾಗಾಗಿ ತೆರಿಗೆ ಸರಿ ಎಂದಿತು. ಎರಡು ಷರತ್ತು ಹಾಕಿತು: ರಾಜ್ಯದ ಜೊತೆಗಿನ ನಂಟು ನಿಜವಾದದ್ದಾಗಿರಬೇಕು, ಹೊರಿಸುವ ಹೊಣೆ ಆ ನಂಟಿಗೇ ಸಂಬಂಧಪಟ್ಟದ್ದಾಗಿರಬೇಕು.

ಇದನ್ನು ಹೇಳಿ ಹುಡುಗನ ಲ್ಯಾಪ್‌ಟಾಪ್ ತೆಗೆಸಿದೆ. ಜಾಹೀರಾತಿನ ಡ್ಯಾಶ್‌ಬೋರ್ಡ್ ನೋಡಿದರೆ ನನಗೇ ನಗು ಬಂತು. ಆ ರಾಜ್ಯದ ಮೂರು ಜಿಲ್ಲೆಗೆ ಟಿಕ್. ಅಲ್ಲಿನ ಭಾಷೆ. ವಯಸ್ಸು 21ರಿಂದ 45. ಸಂಬಳದ ದಿನ ಅಂತ ತಿಂಗಳ ಮೊದಲ ವಾರಕ್ಕೆ ಬಜೆಟ್ ಬೇರೆ ಏರಿಸಿದ್ದ. ಬಾಂಬೆಯಲ್ಲಿ ಸಂಗ್ರಹಕಾರರು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಈ ಟಿಕ್‌ಗಳು ಮಾಡುತ್ತಿವೆ, ಅಲ್ವಾ? ಯಾರೋ ಎಲ್ಲಿಂದಲೋ ವೆಬ್‌ಸೈಟ್ ತೆರೆದು ನೋಡಿದರು ಅನ್ನುವುದು ಬೇರೆ. ಜಿಲ್ಲೆ ಆರಿಸಿ ದುಡ್ಡು ಸುರಿಯುವುದು ಬೇರೆ. ಮೊದಲನೆಯದರಲ್ಲಿ ನಾನು ಗಡಿಯ ವಾದ ಮಾಡುತ್ತೇನೆ. ಎರಡನೆಯದರಲ್ಲಿ ಮಾಡಿದರೆ ಜಡ್ಜ್ ಮುಂದೆ ಮುಖ ಸಣ್ಣದಾಗುತ್ತದೆ.

ಹಾಗಂತ ರಾಜ್ಯ ಏನು ಬೇಕಾದರೂ ಮಾಡಬಹುದು ಅಂತಲ್ಲ. ಅದರ ಕೈ ಕಟ್ಟುವುದು ವಿಷಯದ ಪಟ್ಟಿ, ಅಂದರೆ ಯಾವ ವಿಷಯದಲ್ಲಿ ರಾಜ್ಯ, ಯಾವುದರಲ್ಲಿ ಕೇಂದ್ರ ಕಾನೂನು ಮಾಡಬೇಕು ಅಂತ ಸಂವಿಧಾನ ಹಂಚಿದ ಪಟ್ಟಿ. ಜೂಜು ರಾಜ್ಯಪಟ್ಟಿಯ 34ನೇ ನಮೂದಿನಲ್ಲಿದೆ. ದೂರವಾಣಿ, ಪ್ರಸಾರ ಮತ್ತು ಅಂಥ ಸಂಪರ್ಕಗಳು ಕೇಂದ್ರಪಟ್ಟಿಯ 31ರಲ್ಲಿ. ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 69ಎ ಕಲಂ ಪ್ರಕಾರ ಇಂಟರ್ನೆಟ್‌ನಲ್ಲಿ ಯಾವುದನ್ನಾದರೂ ಬ್ಲಾಕ್ ಮಾಡಿಸಬೇಕಾದರೆ ರಾಜ್ಯ ಕೇಂದ್ರದ ಬಾಗಿಲು ಬಡಿಯಬೇಕು. ಜಾಹೀರಾತಿನ ಮೇಲೆ ರಾಜ್ಯಗಳು ತೆರಿಗೆ ಹಾಕಲು ಇದ್ದ 55ನೇ ನಮೂದನ್ನು 2016ರ 101ನೇ ತಿದ್ದುಪಡಿ ತೆಗೆದೇ ಹಾಕಿತು. ಅದು ಜಿಎಸ್‌ಟಿ ತಂದ ತಿದ್ದುಪಡಿ.

ಇನ್ನು ಜೂಜು ಅಂದರೆ ಯಾವುದು? ಕೌಶಲದ ಆಟವನ್ನೂ ಜೂಜಿಗೆ ಸೇರಿಸಿ ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕಾಯ್ದೆಯನ್ನು ಉಳಿಸಿ, ರಮ್ಮಿ, ಪೋಕರ್‌ಗಳನ್ನು ಮಾತ್ರ ನಿಷೇಧದಿಂದ ಹೊರಗಿಟ್ಟಿತು. ಹುಡುಗನಿಗೆ ದಾರಿ ಇದ್ದದ್ದು ಇಲ್ಲಿ, ರಮ್ಮಿ ಕೌಶಲದ ಆಟ, ಜೂಜಲ್ಲ ಅನ್ನುವ ವಾದದಲ್ಲಿ. ಹುಬ್ಬಳ್ಳಿಯ ವಿಳಾಸದಲ್ಲಲ್ಲ.

2025ರ ಆಗಸ್ಟ್‌ನಲ್ಲಿ ಸಂಸತ್ತಿನ ಕಾಯ್ದೆ ಬಂತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟದ ಜಾಹೀರಾತಿಗೆ ಅದರಲ್ಲಿ ಎರಡು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಈಗ ಅಂಥ ಕೆಲಸ ಹಿಡಿದು ಬರುವವರಿಗೆ ನಾನು ಗಡಿ, ಪಟ್ಟಿ ಏನೂ ವಿವರಿಸಲ್ಲ. ಸುಮ್ನೆ ಬೇಡ ಅನ್ನುತ್ತೇನೆ.

ಅವತ್ತು ಉತ್ತರ ಬರೆಸಿದಾಗ ಗಡಿಯ ಪ್ಯಾರಾ ಪೂರ್ತಿ ಹೊಡೆದು ಹಾಕಿದೆ.

"ಹಂಗಾದ್ರ ಹುಬ್ಬಳ್ಳಿ ಹೆಸರೇ ಬರಿಯೋದು ಬ್ಯಾಡೇನ್ರಿ?"

"ಬರಿಯಪ್ಪ. ಕೆಳಗೆ, ನಿನ್ನ ಸಹಿ ಹತ್ತಿರ."