ಟಿಪ್ಪಿಂಗ್ ಟ್ರಾಲಿಯ ಹೈಡ್ರಾಲಿಕ್ ಪೈಪ್ ಲೀಕ್: ಅರ್ಧ ಇಂಚು ಅಂದರೆ ನಿಜಕ್ಕೂ ಎಷ್ಟು?

ಮೊನ್ನೆ ಆಲೂರಿನ ಹತ್ತಿರ ನಮ್ಮ ಚಿಕ್ಕಪ್ಪನ ಟ್ರಾಲಿಯ ಹೈಡ್ರಾಲಿಕ್ ಪೈಪ್ ಬದಲಾಯಿಸಿದೆ. ಶುಂಠಿ ಹೊಲಕ್ಕೆ ಕೊಟ್ಟಿಗೆ ಗೊಬ್ಬರ ಸುರಿಯುವಾಗ ಟ್ರಾಲಿ ಅರ್ಧಕ್ಕೆ ಎದ್ದು ನಿಂತುಬಿಟ್ಟಿತು. ಕೆಳಗೆ ನೋಡಿದರೆ ಎಣ್ಣೆ. ಒಂದು ಗಂಟೆಯ ಕೆಲಸಕ್ಕೆ ಎರಡು ದಿನ ಹಿಡಿಯಿತು, ಹಾಸನಕ್ಕೆ ಎರಡು ಸಲ ಹೋಗಿಬಂದೆ. ಕಾರಣ ಒಂದೇ, ಥ್ರೆಡ್ ಅಳತೆ. ಟ್ರಾಕ್ಟರ್ ಕೆಲಸ ಕಲಿಯುತ್ತಿರುವ ಬೇರೆಯವರಿಗೂ ಬೇಕಾಗುತ್ತದೆ ಅಂತ, ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಲೀಕ್ ಹುಡುಕುವುದು

ಮೊದಲು ಇದನ್ನು ಓದಿ. ಎಣ್ಣೆ ಎಲ್ಲಿಂದ ಬರುತ್ತಿದೆ ಅಂತ ಪೈಪಿನ ಮೇಲೆ ಕೈ ಸವರಿ ನೋಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಬರುವ ಎಣ್ಣೆಯೂ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಮುಳ್ಳು ಚುಚ್ಚಿದ ಹಾಗೆ ಕಾಣುತ್ತದೆ, ನೋವೂ ಮೊದಲು ಜಾಸ್ತಿ ಇರುವುದಿಲ್ಲ, ಆದರೆ ತಡ ಮಾಡಿದರೆ ಬೆರಳೇ ಹೋಗಬಹುದು. ಹಾಗಾದರೆ ಕೂಡಲೇ ಆಸ್ಪತ್ರೆಗೆ ಹೋಗಿ, "ಪ್ರೆಶರಿನಲ್ಲಿ ಎಣ್ಣೆ ಒಳಗೆ ಹೋಗಿದೆ" ಅಂತಲೇ ಹೇಳಬೇಕು. ಹುಡುಕಲು ಒಂದು ರಟ್ಟಿನ ತುಂಡು ಸಾಕು, ದೂರದಿಂದ ಹಿಡಿದರೆ ಅದರ ಮೇಲೆ ಎಣ್ಣೆ ಕಲೆ ಬೀಳುತ್ತದೆ.

ಎಣ್ಣೆ ತೊಟ್ಟಿಕ್ಕುವ ಜಾಗವೇ ಲೀಕ್ ಅಲ್ಲ. ಪೈಪಿನ ಮೇಲೇ ಹರಿದು ಬಂದು ತಗ್ಗಿನಲ್ಲಿ ಬೀಳುತ್ತದೆ. ಪೈಪ್ ಒರೆಸಿ ಒಣಗಿಸಿ, ಮುಖದ ಪೌಡರ್ ಸವರಿ, ದೂರ ನಿಂತು ಸ್ವಲ್ಪವೇ ಎತ್ತಿ ನೋಡಿದೆ. ಚಾಸಿಯ ಅಂಚಿಗೆ ಪೈಪ್ ಉಜ್ಜುತ್ತಿದ್ದ ಜಾಗದಲ್ಲಿ ಪೌಡರ್ ಒದ್ದೆಯಾಯಿತು. ಅಲ್ಲಿ ಹೊರಗಿನ ರಬ್ಬರ್ ಸವೆದು, ಒಳಗಿನ ತಂತಿ ಕಾಣುತ್ತಿತ್ತು, ನಮ್ಮ ಕಡೆಯ ಮಳೆಗೆ ಅದು ತುಕ್ಕು ಹಿಡಿದಿತ್ತು. ಈ ಪೈಪಿನಲ್ಲಿ ಒತ್ತಡ ತಡೆಯುವುದು ರಬ್ಬರ್ ಅಲ್ಲ, ಆ ತಂತಿ ಹೆಣಿಗೆ. ಅದಕ್ಕೇ ಟ್ಯೂಬ್ ಸುತ್ತಿ ಕ್ಲಿಪ್ ಬಿಗಿದರೆ ನಿಲ್ಲುವುದಿಲ್ಲ. ಹೊಸದೇ ಹಾಕಬೇಕು.

ಟ್ರಾಲಿಯನ್ನು ನಿಧಾನ ಪೂರ್ತಿ ಇಳಿಸಿ, ಗೊಬ್ಬರವನ್ನು ಸಲಿಕೆಯಲ್ಲಿ ಖಾಲಿ ಮಾಡಿ, ಎಂಜಿನ್ ಆಫ್ ಮಾಡಿ, ಲಿವರ್ ಇಳಿಸುವ ಕಡೆಗೇ ಇಟ್ಟು ಒತ್ತಡ ಬಿಟ್ಟ ಮೇಲೆ ಪೈಪ್ ಬಿಚ್ಚಿದೆವು. ಎತ್ತಿಯೇ ಬಿಚ್ಚಬೇಕಾದ ಟ್ರಾಲಿ ಆದರೆ ಖಾಲಿ ಇರಬೇಕು, ಗಟ್ಟಿ ಆಸರೆ ಕೊಟ್ಟಿರಬೇಕು. ಟ್ರಾಲಿ ಎತ್ತುವ ಹೈಡ್ರಾಲಿಕ್ ಜಾಕ್ ಒಂದನ್ನೇ ನಂಬಿ ಕೆಳಗೆ ತಲೆ ಹಾಕಬೇಡಿ.

ನಾನು ಸಿಕ್ಕಿಹಾಕಿಕೊಂಡ ಜಾಗ

ಹಳೇ ಪೈಪಿನಿಂದ ಎಣ್ಣೆ ಸುರಿಯುತ್ತಿತ್ತು, ಬಸ್ಸಿನಲ್ಲಿ ಹೇಗೆ ಒಯ್ಯುವುದು ಅಂತ ಅಳತೆ ಮಾತ್ರ ಚೀಟಿಯಲ್ಲಿ ಬರೆದುಕೊಂಡು ಹೋದೆ. ಜಾಕಿನ ಕಡೆಯ ನಟ್ಟಿನ ಒಳಗೆ ವರ್ನಿಯರ್ (ಅಡ್ಡಳತೆ ಅಳೆಯುವ ಸಾಧನ) ಇಟ್ಟು ನೋಡಿದ್ದೆ, ಹತ್ತಿರ ಹತ್ತಿರ 19 ಮಿ.ಮೀ. ಬಂತು. 19 ಅಂದರೆ ಮುಕ್ಕಾಲು ಇಂಚು ಅಲ್ವಾ? ಹಾಗೇ ಬರೆದೆ. ಅಂಗಡಿಯವರು ಚೀಟಿ ನೋಡಿ ಜೆಐಸಿ (ಇಂಚಿನ ಅಳತೆಯ ಒಂದು ಬಗೆಯ ಹೈಡ್ರಾಲಿಕ್ ಫಿಟ್ಟಿಂಗ್) ನಟ್ ಹಾಕಿ ಕ್ರಿಂಪ್ ಮಾಡಿ, ಅಂದರೆ ಮೆಷಿನ್ನಿನಲ್ಲಿ ಒತ್ತಿ ಬಿಗಿದು ಕೊಟ್ಟರು. ಮನೆಗೆ ಬಂದು ಹಾಕಿದರೆ ಒಂದು ಸುತ್ತೂ ಹೋಗಲಿಲ್ಲ.

ಜಾಕಿನಲ್ಲಿದ್ದದ್ದು ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್. ಅದರ ಹೊರಗಿನ ಅಳತೆ 20.95 ಮಿ.ಮೀ. ಅರ್ಧ ಇಂಚು ಅಂದರೆ 12.7 ಮಿ.ಮೀ. ಆಗಬೇಕು, ಇದು 21ರ ಹತ್ತಿರ ಯಾಕಿದೆ? ಇಲ್ಲೇ ನನಗೆ ಒಂದು ರಾತ್ರಿ ಹೋಯಿತು.

ಉತ್ತರ ನಮ್ಮ ಮನೆಯ ನೀರಿನ ಪೈಪಿನಲ್ಲೇ ಇದೆ. ಬಿಎಸ್‌ಪಿ ಅನ್ನುವುದು ಕಬ್ಬಿಣದ ಪೈಪಿಗಾಗಿ ಬಂದ ಥ್ರೆಡ್. ಹಿಂದೆ ಪೈಪಿಗೆ ಹೆಸರು ಇಡುತ್ತಿದ್ದದ್ದು ಒಳಗಿನ ತೂತಿನ ಅಳತೆಯಿಂದ. ತೂತು ಅರ್ಧ ಇಂಚು, ಅದರ ಮೇಲೆ ಎರಡೂ ಕಡೆ ಕಬ್ಬಿಣದ ದಪ್ಪ, ಥ್ರೆಡ್ ಕೊರೆಯುವುದು ಆ ದಪ್ಪದ ಹೊರಗೆ. ಅದಕ್ಕೇ ಹೊರಗೆ 21 ಬರುತ್ತದೆ. "ಅರ್ಧ ಇಂಚು" ಅನ್ನುವುದು ಹೆಸರು, ಥ್ರೆಡ್ಡಿನ ಅಳತೆ ಅಲ್ಲ.

ಹಾಗಾಗಿ ಒಂದೇ ಪೈಪಿನಲ್ಲಿ ಮೂರು ಅಳತೆ ಸಿಗುತ್ತದೆ. ರಬ್ಬರ್ ಪೈಪಿನ ತೂತು 12.7. ಜಾಕಿನ ಗಂಡು ಥ್ರೆಡ್ಡಿನ (ಹೊರಮೈಯಲ್ಲಿ ಕೊರೆದದ್ದು) ಹೊರಗೆ 20.95. ನಟ್ಟಿನ ಹೆಣ್ಣು ಥ್ರೆಡ್ಡಿನ (ಒಳಮೈಯಲ್ಲಿ ಕೊರೆದದ್ದು) ಒಳಗೆ ಸುಮಾರು 18.6, ಯಾಕೆಂದರೆ ಅಲ್ಲಿ ವರ್ನಿಯರ್ ಮುಟ್ಟುವುದು ಥ್ರೆಡ್ಡಿನ ತುದಿಗಳನ್ನು. ಮೂರಕ್ಕೂ ಹೆಸರು ಅರ್ಧ ಇಂಚೇ. ನಾನು ಅಳೆದದ್ದು ಮೂರನೆಯದು, ಹೋಲಿಸಿದ್ದು ಗಂಡು ಥ್ರೆಡ್ಡಿನ ಅಳತೆಗೆ. ಅಳೆಯುವುದಾದರೆ ಯಾವಾಗಲೂ ಗಂಡು ಥ್ರೆಡ್ ಅಳೆಯಿರಿ.

ಅಡ್ಡಳತೆ ಒಂದೇ ಸಾಲದು, ಹಲ್ಲುಗಳ ದೂರವೂ ಬೇಕು. 20.95 ಮತ್ತು ಎಂ22ರ (ಮಿ.ಮೀ. ಲೆಕ್ಕದ ಮೆಟ್ರಿಕ್ ಥ್ರೆಡ್) 22 ನಡುವೆ ಒಂದು ಮಿ.ಮೀ. ಮಾತ್ರ ವ್ಯತ್ಯಾಸ, ಸವೆದ ಥ್ರೆಡ್ಡಿನಲ್ಲಿ ಯಾವುದು ಅಂತ ಗೊತ್ತಾಗುವುದೇ ಇಲ್ಲ. ಗಂಡು ಥ್ರೆಡ್ ಮೇಲೆ ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ, ಚಿಕ್ಕವರಿದ್ದಾಗ ನಾಣ್ಯದ ಅಚ್ಚು ತೆಗೆಯುತ್ತಿದ್ದ ಹಾಗೆ. ಒಂದು ಗೆರೆಯಿಂದ ಶುರುಮಾಡಿ ಅದರಾಚೆಗಿನ ಐದನೇ ಗೆರೆಯವರೆಗೆ ಅಳೆಯಿರಿ. 9 ಮಿ.ಮೀ. ಬಂದರೆ ಅರ್ಧ ಇಂಚಿನ ಬಿಎಸ್‌ಪಿ, ಇಂಚಿಗೆ 14 ಹಲ್ಲು. 7.5 ಬಂದರೆ 1.5 ಪಿಚ್ಚಿನ (ಹಲ್ಲಿನಿಂದ ಹಲ್ಲಿಗೆ 1.5 ಮಿ.ಮೀ.) ಮೆಟ್ರಿಕ್. 8ಕ್ಕೆ ಒಂಚೂರು ಕಡಿಮೆ ಬಂದು ಹೊರಗಿನ ಅಳತೆ 19 ಇದ್ದರೆ ಅದು ಮುಕ್ಕಾಲು ಇಂಚಿನ, 16 ಹಲ್ಲಿನ ಜೆಐಸಿ.

ಇದಕ್ಕಿಂತ ಸುಲಭದ ದಾರಿಯೂ ಇದೆ, ಈಗ ನನ್ನ ಟೂಲ್ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ನೀರಿನ ಪೈಪಿಗೆ ಹಾಕುವ ಅರ್ಧ ಇಂಚಿನ ಜಿಐ ಸಾಕೆಟ್! ಅದೂ ಬಿಎಸ್‌ಪಿ ಥ್ರೆಡ್ಡೇ. ಜಾಕಿನ ಗಂಡು ಥ್ರೆಡ್ಡಿಗೆ ಕೈಯಲ್ಲೇ ತಿರುಗಿಸಿ ನೋಡಿ. ಅಲುಗಾಡದೆ ಮೂರು ನಾಲ್ಕು ಸುತ್ತು ಹೋದರೆ ಅರ್ಧ ಇಂಚಿನ ಬಿಎಸ್‌ಪಿ. ಎಂ22 ಆದರೆ ಒಳಗೇ ಹೋಗುವುದಿಲ್ಲ. 19ರ ಜೆಐಸಿ ಆದರೆ ಹಲ್ಲು ಸರಿಯಾಗಿ ಕಚ್ಚದೆ ಗಡಗಡ ಅಲುಗಾಡುತ್ತದೆ. ಇದು ಗುರುತು ಹಿಡಿಯಲು ಮಾತ್ರ. ಜಿಐ ಸಾಕೆಟ್ಟನ್ನು ಹೈಡ್ರಾಲಿಕ್ ಲೈನಿಗೆ ಜೋಡಿಸಬೇಡಿ, ಅದು ಆ ಒತ್ತಡ ತಡೆಯುವ ವಸ್ತು ಅಲ್ಲ.

ಪೈಪ್ ಆರಿಸುವುದು, ಹಾಕುವುದು

ಎರಡನೇ ಸಲ ಹಳೇ ಪೈಪನ್ನೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಹೋದೆ. 1ಎಸ್‌ಎನ್ ಅಂದರೆ ತಂತಿ ಹೆಣಿಗೆ ಒಂದು ಪದರ, 2ಎಸ್‌ಎನ್ ಅಂದರೆ ಎರಡು. ಅರ್ಧ ಇಂಚಿನಲ್ಲಿ ಮೊದಲನೆಯದು ಕೆಲಸದಲ್ಲಿ ತಡೆಯುವ ಒತ್ತಡ 160 ಬಾರ್ (ಬಾರ್ ಅಂದರೆ ಒತ್ತಡದ ಅಳತೆ), ಎರಡನೆಯದು 275 ಬಾರ್. ಟ್ರಾಕ್ಟರ್ ಹೈಡ್ರಾಲಿಕ್ ಒತ್ತಡ 150ರಿಂದ 200 ಬಾರ್ ಇರುವುದರಿಂದ 2ಎಸ್‌ಎನ್ ತಗೊಂಡೆ. ಕತ್ತರಿಸಿದ ರಬ್ಬರ್ ಪುಡಿ ಒಳಗೆ ಉಳಿಯದಂತೆ ಗಾಳಿ ಊದಿಸಿಕೊಳ್ಳಿ.

ಥ್ರೆಡ್ಡಿಗೆ ಬಿಳಿ ಟೇಪ್ ಸುತ್ತಬೇಡಿ. ಈ ನಟ್ಟಿನಲ್ಲಿ ಎಣ್ಣೆ ತಡೆಯುವುದು ಥ್ರೆಡ್ ಅಲ್ಲ, ಒಳಗಿನ ಕೋನ್ ಆಕಾರದ ಮೂಗು. ಅದು ಲೋಹಕ್ಕೆ ಲೋಹ ಕೂರಬೇಕು. ಟೇಪಿನ ಚೂರು ಕಿತ್ತುಬಂದರೆ ವಾಲ್ವಿಗೆ ಹೋಗುತ್ತದೆ. ಬಿಗಿಯುವಾಗ ಎರಡು ಪಾನಾ ಬೇಕು, ಒಂದರಲ್ಲಿ ಫಿಟ್ಟಿಂಗ್ ಹಿಡಿದುಕೊಳ್ಳಿ. ಪೈಪಿನ ಮೇಲೆ ಉದ್ದಕ್ಕೆ ಅಕ್ಷರ ಅಚ್ಚಾಗಿರುತ್ತದಲ್ಲ, ಆ ಸಾಲು ಹಗ್ಗದ ಹಾಗೆ ಸುತ್ತಿಕೊಂಡಿದ್ದರೆ ಪೈಪ್ ತಿರುಚಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಬಾಗಿನ ಅರ್ಧವ್ಯಾಸ 180 ಮಿ.ಮೀ.ಗಿಂತ ಕಡಿಮೆ ಆಗಬಾರದು, ನನ್ನ ಗೇಣಿಗಿಂತ ಸ್ವಲ್ಪ ಚಿಕ್ಕದು. ಒತ್ತಡ ಬಂದಾಗ ಪೈಪಿನ ಉದ್ದ ಕುಗ್ಗಬಹುದು, ಎಳೆದು ಕಟ್ಟಬೇಡಿ.

ಹಾಕಿದ ಮೇಲೆ ಖಾಲಿ ಟ್ರಾಲಿಯನ್ನು ನಾಲ್ಕೈದು ಸಲ ಎತ್ತಿ ಇಳಿಸಿದೆ, ಗಾಳಿ ಹೋಗುವವರೆಗೆ. ಪೂರ್ತಿ ಇಳಿಸಿ ಎಣ್ಣೆ ಮಟ್ಟ ನೋಡಿ ತುಂಬಿಸಿದೆ. ಚಾಸಿಯ ಅಂಚಿಗೆ ಹಳೇ ಟೈರಿನ ತುಂಡು ಕಟ್ಟಿದೆ. ಚಿಕ್ಕಪ್ಪ ನೋಡಿ, "ಮುಂದಿನ ಸಲ ನೀನು ಊರಲ್ಲಿ ಇಲ್ಲದಿದ್ರೆ ನಾನು ಏನಂತ ಕೇಳ್ಲಿ?" ಅಂದರು. ಜಾಕಿನ ಪಕ್ಕದಲ್ಲೇ ಬಿಳಿ ಪೇಂಟಿನಲ್ಲಿ ಬರೆದಿದ್ದೇನೆ: ಅರ್ಧ ಇಂಚು ಬಿಎಸ್‌ಪಿ, 2ಎಸ್‌ಎನ್, ತುದಿಯಿಂದ ತುದಿಗೆ 2.4 ಮೀಟರ್.